ಙ ಅಕ್ಷರದ ನಡುಗಡ್ಡೆ

"ಮಂಗ ನೋಡಲೆ ಅಷ್ಟ್ ದೂರ ಹೋಗವನ ತಮಾ? ನಮ್ಮನೆ ತೋಟದಲ್ಲೇ ಬೇಕಾದಷ್ಟು ಇದ್ದಲ!" ಎಂದಳು ಆಯಿ.

ಅವಳ ಮಾತಲ್ಲಿ ತಪ್ಪೇನಿಲ್ಲ. ಶಿರಸಿ ಕಡೆಯ ತೋಟದವರಿಗೆ ಮಂಗ ಅಂದರೆ ಎಳೆ ಅಡಿಕೆ ಉದುರಿಸಿ, ಬಾಳೆಗೊನೆ ಹರಿದು, ಎಳನೀರು ತೂತು ಮಾಡಿ ಎಸೆಯುವ ಪ್ರಾಣಿ. ನಾವು ಗರ್ನಾಲು ಹೊಡೆದರೆ ಪಕ್ಕದ ಮನೆಯವರ ತೋಟಕ್ಕೆ ಹೋಗುತ್ತವೆ. ಅವರು ಹೊಡೆದರೆ ವಾಪಸ್ ನಮ್ಮಲ್ಲಿಗೆ. ಅಂಥ ಮನೆಯವನು ದುಡ್ಡು ಕೊಟ್ಟು, ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಲು ಬೆಂಗಳೂರಿಗೆ ಬೇರೆ ಹೋಗಿ, ಉಗಾಂಡಾದಲ್ಲಿ ಚಿಂಪಾಂಜಿ ನೋಡುತ್ತೇನೆ ಅಂದರೆ ನಗು ಬರದೇ ಇರುತ್ತದಾ? ಚಿಂಪಾಂಜಿಗೆ ಬಾಲ ಇಲ್ಲ, ಅದು ಮಂಗ ಅಲ್ಲ, ನಮ್ಮ ಅಘನಾಶಿನಿ ಕಣಿವೆಯ ಸಿಂಗಳೀಕನ ಜಾತಿಯೂ ಅಲ್ಲ ಎಂದು ಹೇಳಿ ನೋಡಿದೆ. ಆಯಿ ಕೇಳಿಸಿಕೊಳ್ಳಲಿಲ್ಲ.

ತಂಗಿ ಮತ್ತು ಭಾವ ಕಂಪಾಲಾದಲ್ಲಿದ್ದಾರೆ. ಅವರ ಜೊತೆ ಒಂದು ಶನಿವಾರ ಹೊರಟೆ. ಹೋಗಬೇಕಿದ್ದದ್ದು ವಿಕ್ಟೋರಿಯಾ ಸರೋವರದ ನಡುವೆ, ಕಾಪಾಡಿ ತಂದ ಚಿಂಪಾಂಜಿಗಳನ್ನು ಇಟ್ಟುಕೊಂಡಿರುವ ಒಂದು ದ್ವೀಪಕ್ಕೆ. ದ್ವೀಪದ ಹೆಸರು ಙ್ಗಂಬಾ. ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಙ ಎಂದು ತಿದ್ದಿದ್ದೇ ಬಂತು, ಆ ಕಡೇ ಅಕ್ಷರಕ್ಕೆ ಕೆಲಸ ಸಿಕ್ಕಿದ್ದು ನಲವತ್ತೈದನೇ ವಯಸ್ಸಿನಲ್ಲಿ, ಅದೂ ಆಫ್ರಿಕಾದಲ್ಲಿ.

ಎಂಟೆಬೆಯ ದಕ್ಕೆಯಲ್ಲಿ ಒಂದೂವರೆ ತಾಸು ಕಾದೆವು. ಬುಕಿಂಗ್ ಮಾಡಿಕೊಟ್ಟವನು ನಮ್ಮ ಹೆಸರನ್ನು ದೋಣಿಯವರಿಗೆ ಹೇಳಿಯೇ ಇರಲಿಲ್ಲ. ಹನ್ನೊಂದು ಗಂಟೆಗೆ ಚಿಂಪಾಂಜಿಗಳಿಗೆ ಹಣ್ಣು ಹಾಕುವುದನ್ನು ನೋಡಬೇಕೆಂದೇ ಬೆಳಗ್ಗೆ ಬೇಗ ಹೊರಟಿದ್ದು. ಅದು ತಪ್ಪಿತು. ಭಾವ ಫೋನಿನಲ್ಲಿ ಕೂಗಾಡಿದ. ನಾನು ಸುಮ್ನೆ ಕೂತು ನೀರು ನೋಡಿದೆ.

ವಿಕ್ಟೋರಿಯಾ ಸರೋವರವನ್ನು ಸರೋವರ ಅನ್ನಲು ನಮ್ಮಂಥ ಕರಾವಳಿ ಜಿಲ್ಲೆಯವರಿಗೆ ಬಾಯಿ ಬರುವುದಿಲ್ಲ. ಆಚೆ ದಡ ಕಾಣುವುದಿಲ್ಲ, ಅಲೆ ಇದೆ, ಮೀನುದೋಣಿಗಳಿವೆ. ಆದರೆ ಉಪ್ಪಿನ ವಾಸನೆ ಇಲ್ಲ. ಕಾರವಾರದಿಂದ ಕೂರ್ಮಗಡಕ್ಕೆ ದೋಣಿಯಲ್ಲಿ ಹೋದಾಗ ತುಟಿಗೆ ಉಪ್ಪು ಹತ್ತಿದ್ದು ನೆನಪಾಯಿತು. ಇಲ್ಲಿ ತುಟಿ ನೆಕ್ಕಿದರೆ ಸಪ್ಪೆ. ಎಂಟೆಬೆಯಿಂದ ದ್ವೀಪಕ್ಕೆ ಸುಮಾರು 23 ಕಿಲೋಮೀಟರ್. ನಡುವೆ ದೋಣಿಯವನು ಇಂಜಿನ್ ನಿಧಾನ ಮಾಡಿ ಭೂಮಧ್ಯರೇಖೆ ಬಂತೆಂದ. ತಂಗಿ ಫೋನಿನ ಮ್ಯಾಪಿನಲ್ಲಿ ಸೊನ್ನೆ ಬರುವುದನ್ನೇ ನೋಡುತ್ತಿದ್ದಳು, ಬಂದ ಕೂಡಲೇ ಚಪ್ಪಾಳೆ ಹೊಡೆದಳು. ನೀರು ಮಾತ್ರ ಆಚೆ ಈಚೆ ಒಂದೇ ಥರ ಇತ್ತು.

ಇಳಿದ ಕೂಡಲೇ ಕೇಳಿದ್ದು, ಯಾರಿಗಾದರೂ ನೆಗಡಿ, ಕೆಮ್ಮು ಇದೆಯಾ ಎಂದು. ವಿಮಾನದ ಎಸಿಯಿಂದ ನನಗೆ ಮೂಗು ಸೋರುತ್ತಿತ್ತು. ಮಾಸ್ಕ್ ಕೊಟ್ಟು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ನಮಗೆ ಬರೀ ನೆಗಡಿ, ಅವಕ್ಕೆ ಅದೇ ಸೋಂಕು ಜೀವಕ್ಕೆ ಮುಳುವಾಗಬಹುದಂತೆ. ನನಗೆ ಒಂದು ಕ್ಷಣ ವಿಚಿತ್ರ ಅನಿಸಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆ ಈಗಲೂ ಸಿದ್ದಾಪುರದ ಕಡೆ ಬೇಸಿಗೆಯಲ್ಲಿ ಜನರ ನಿದ್ದೆ ಕೆಡಿಸುತ್ತದೆ. ತೋಟದಲ್ಲಿ ಸತ್ತ ಮಂಗ ಸಿಕ್ಕರೆ ಊರಿಗೆ ಊರೇ ಆ ಕಾಯಿಲೆ ಹರಡುವ ಉಣುಗಿಗೆ ಹೆದರುತ್ತದೆ. ಇಲ್ಲಿ ಹೆದರಿಕೆ ಉಲ್ಟಾ. ಕಾಯಿಲೆ ತರುವ ಪ್ರಾಣಿ ನಾನು.

ದ್ವೀಪ ನೂರು ಎಕರೆಯಷ್ಟು. ಒಂದು ಮೂಲೆಯಲ್ಲಿ ಜನ, ಉಳಿದದ್ದೆಲ್ಲ ಕಾಡು, ನಡುವೆ ಕರೆಂಟ್ ಬೇಲಿ. ಸುತ್ತ ಬೇಲಿ ಬೇಡ, ಚಿಂಪಾಂಜಿಗೆ ಈಜು ಬರುವುದಿಲ್ಲ, ನೀರೇ ಗೋಡೆ. 1998ರಲ್ಲಿ ಶುರುವಾದ ಜಾಗ ಇದು. ಈಗ ಐವತ್ತರ ಆಸುಪಾಸು ಚಿಂಪಾಂಜಿಗಳಿವೆ. ಅಷ್ಟು ಹೊಟ್ಟೆಗಳಿಗೆ ಈ ಕಾಡಿನ ಹಣ್ಣು, ಎಲೆ ಸಾಲುವುದಿಲ್ಲ, ಅದಕ್ಕೇ ದಿನಕ್ಕೆ ಹಲವು ಸಲ ಕೈಯಾರೆ ಹಾಕಬೇಕು. ಮರಿ ಹುಟ್ಟಿದರೆ ಜಾಗ ಸಾಲದೆಂದು ಹೆಣ್ಣುಗಳಿಗೆ ಗರ್ಭನಿರೋಧಕವನ್ನೂ ಹಾಕುತ್ತಾರೆ. ರಾತ್ರಿ ಗಂಜಿಯ ಆಸೆಗೆ ಹೆಚ್ಚಿನವು ತಾವಾಗಿಯೇ ಮನೆಗೆ ಬಂದು ಜೋಲಿಯಲ್ಲಿ ಮಲಗುತ್ತವೆ ಎಂದು ನಮಗೆ ದಾರಿ ತೋರಿಸುತ್ತಿದ್ದವ ಹೇಳಿದ. ನಮ್ಮ ದೋಣಿ ಅಷ್ಟರೊಳಗೆ ಹೊರಡಬೇಕಿತ್ತು, ಅದು ನೋಡಲು ಸಿಗಲಿಲ್ಲ.

ಎರಡೂವರೆಗೆ ಮರದ ಅಟ್ಟದ ಮೇಲೆ ನಿಂತೆವು. ಮೊದಲು ಬಂದದ್ದು ಸದ್ದು. ಕಾಡೊಳಗೆ ಒಂದು ಕೂಗು, ಅದಕ್ಕೆ ಹತ್ತು ಕೂಗು. ಆಮೇಲೆ ಕಪ್ಪಗೆ ಒಂದೊಂದೇ ಹೊರಬಂದವು. ಎಸೆಯುವವನ ಕಡೆ ಕೈ ಚಾಚಿ ನಿಂತವು, ಥೇಟ್ ಸಮಾರಾಧನೆ ಪಂಕ್ತಿಯಲ್ಲಿ ಹೋಳಿಗೆಗೆ ಕಾಯುವವರ ಹಾಗೆ. ಪಪ್ಪಾಯಿ, ಕ್ಯಾರೆಟ್, ಆಮೇಲೆ ಹಲಸಿನ ಹಣ್ಣಿನ ದೊಡ್ಡ ದೊಡ್ಡ ಕಡಿ! ಉಗಾಂಡಾದಲ್ಲೂ ಹಲಸು ಬೆಳೆಯುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಂದು ಗಂಡು ಎರಡು ಪಪ್ಪಾಯಿ ಕಂಕುಳಲ್ಲಿಟ್ಟು, ಒಂದು ಬಾಯಲ್ಲಿ ಕಚ್ಚಿ, ಎರಡೇ ಕಾಲಲ್ಲಿ ನಡೆದುಹೋಯಿತು. ಇನ್ನೊಂದರ ಹಣ್ಣು ಬೇಲಿಯ ಈಚೆ ಬಿತ್ತು. ಅದು ಗಲಾಟೆ ಮಾಡಲಿಲ್ಲ. ಹಿಂದೆ ಹೋಗಿ ಒಂದು ಕೋಲು ಮುರಿದು ತಂದಿತು, ಸೊಪ್ಪು ಕಿತ್ತಿತು, ಬೇಲಿಯ ಕೆಳಗೆ ತೂರಿಸಿ ಹಣ್ಣನ್ನು ಮೆಲ್ಲಗೆ ಎಳೆದುಕೊಂಡಿತು. ದೋಟಿ ಹಿಡಿಯುವ ನಮ್ಮ ಕೆಲವು ಹುಡುಗರಿಗಿಂತ ಚೊಕ್ಕ ಕೆಲಸ.

ಹಲಸು ಸಿಕ್ಕ ಮುದುಕಿಗೆ ಬಲಗೈಯ ಪಂಜ ಇರಲಿಲ್ಲ. ಉರುಳಿಗೆ ಸಿಕ್ಕಿದ್ದಂತೆ. ಬೇರೆ ಪ್ರಾಣಿಗೆಂದು ಒಡ್ಡಿದ ಉರುಳಿಗೂ ಇವು ಸಿಕ್ಕಿಬೀಳುತ್ತವೆ. ಇಲ್ಲಿರುವ ಹೆಚ್ಚಿನವು ಮರಿಯಿದ್ದಾಗ ಕಳ್ಳಸಾಗಣೆಯವರಿಂದ ಬಿಡಿಸಿ ತಂದವು. ಮರಿ ಬೇಕೆಂದರೆ ತಾಯಿಯನ್ನು ಕೊಲ್ಲಬೇಕು. ಅಡ್ಡ ಬಂದ ಬಳಗವನ್ನೂ. ಭಾವ ನನ್ನ ಮುಖ ನೋಡಿದ. ತೋಟದ ಪಕ್ಕದ ನಮ್ಮ ಹುಲ್ಲುಗಾವಲು, ಬ್ಯಾಣದ ಅಂಚಿಗೂ ಹಂದಿಗೆಂದು ಉರುಳು ಹಾಕುತ್ತಿದ್ದ ಕಾಲ ಇಬ್ಬರಿಗೂ ನೆನಪಿದೆ. ಇಬ್ಬರೂ ಆ ಮಾತು ಎತ್ತಲಿಲ್ಲ.

ಮುದುಕಿ ಕಡಿಯನ್ನು ಪಾದದಲ್ಲಿ ಒತ್ತಿ ಹಿಡಿದು, ಎಡಗೈಯಿಂದ ಒಂದೊಂದೇ ತೊಳೆ ಬಿಡಿಸಿ ತಿಂದಳು. ಅದರ ವಿಡಿಯೋ ಮಾಡಿಕೊಂಡೆ.

ಮನೆಗೆ ಬಂದು ಆಯಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು. ಮಂಗ ಅನ್ನಲಿಲ್ಲ.

"ಪಾಪ, ಕೈಗೆ ಎಣ್ಣೆ ಹಚ್ಚಿಗಳ್ದೇ ತಿಂತಲ. ಮೇಣ ಅಂಟ್ತಿಲ್ಯನ ಅದಕ್ಕೆ?"