ಆನೆಕಾಡಿನ ಜಲ್ಲಿಕಲ್ಲು

ಜುಲೈ ತಿಂಗಳ ಮಳೆ ಎರಡು ದಿನ ಹೊಳವಾಗಿತ್ತು. ಮೈಸೂರಿನಿಂದ ಸುಂಟಿಕೊಪ್ಪಕ್ಕೆ ಮರಳುತ್ತಿದ್ದೆ. ಕುಶಾಲನಗರ ದಾಟಿ ಆನೆಕಾಡು ಹೊಕ್ಕಾಗ ಮುಂದೆ ಜಲ್ಲಿ ತುಂಬಿದ ಟಿಪ್ಪರ್ ಹೋಗುತ್ತಿತ್ತು. ಮೇಲೆ ಟಾರ್ಪಾಲು ಇರಲಿಲ್ಲ. ತಿರುವಿನಲ್ಲಿ ಅದರ ಹಿಂಬಾಗಿಲ ಸಂದಿನಿಂದ ಒಂದು ಬೊಗಸೆ ಕಲ್ಲು ರಸ್ತೆಗೆ ಸುರಿಯಿತು. ಬ್ರೇಕ್ ಒತ್ತುವಷ್ಟರಲ್ಲಿ ಬಾನೆಟ್ ಮೇಲೆ ಎರಡು ಸಲ ಠಣ್ ಎಂದಿತು. ಆನೆ ದಾಟುವ ಜಾಗ, ಇಳಿದು ನೋಡುವಂತಿಲ್ಲ. ಮನೆ ತಲುಪುವವರೆಗೂ ಆ ಸದ್ದು ಕಿವಿಯಲ್ಲೇ ಇತ್ತು.

ಇಷ್ಟು ಚಿಂತೆಗೆ ಕಾರಣವಿದೆ. ನಮ್ಮ ಹಳೆಯ ಕಾರು ಹನ್ನೊಂದು ಮಳೆಗಾಲ ಕಂಡಿತು. ಅದರ ಬಾನೆಟ್ಟಿನ ಮುಂದಿನ ಅಂಚಿನಲ್ಲಿ ಕಲ್ಲು ತಾಗಿದ ಕಡೆಯಲ್ಲೆಲ್ಲ ಬಣ್ಣ ಹಾರಿ, ಮುಂದಿನ ಮಳೆಗಾಲ ಮುಗಿಯುವುದರೊಳಗೆ ಕಂದು ಚುಕ್ಕೆ ಮೂಡುತ್ತಿತ್ತು. ಕೊನೆಗೆ ತುಕ್ಕು ತಗಡನ್ನೇ ತಿಂದಿತು. ಹೊಸ ಕಾರು ತಂದ ವಾರದಲ್ಲೇ ಬಾನೆಟ್, ಮುಂದಿನ ಬಂಪರ್, ಎರಡೂ ಕನ್ನಡಿಗಳಿಗೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಅಂಟಿಸಿದ್ದು ಅದಕ್ಕೇ. ಇದು ಪಾಲಿಯುರೆಥೇನ್‌ನ ಪಾರದರ್ಶಕ ಹಾಳೆ, ದಪ್ಪ ಸುಮಾರು 200 ಮೈಕ್ರಾನ್. ಕಾರ್ಖಾನೆಯಿಂದ ಬರುವ ಪೇಂಟ್ ಎಲ್ಲ ಪದರ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಅಷ್ಟೇ. ಬಣ್ಣಕ್ಕಿಂತ ಅದರ ಹೊದಿಕೆಯೇ ದಪ್ಪ!

ಮನೆಗೆ ಬಂದವನೇ ಬಕೆಟ್ ನೀರು ಹೊಯ್ದು ಕೆಸರು ತೊಳೆದೆ. ಹೆಂಡತಿ ಟಾರ್ಚ್ ಹಿಡಿದಳು. ಮೊದಲ ಕಲ್ಲು ಒಂದು ಮಂಕು ಉಜ್ಜು ಗುರುತು ಬಿಟ್ಟಿತ್ತು. ಎರಡನೆಯದು ಫಿಲ್ಮನ್ನು ಸೀಳಿತ್ತು. ಕಾಫಿ ಬೀಜದಷ್ಟಗಲ, ಅರ್ಧಚಂದ್ರಾಕಾರದ ಸೀಳು. ಒಂದು ತುಟಿ ಎದ್ದು ನಿಂತಿತ್ತು, ಅದರಡಿಯಲ್ಲಿ ಆಗಲೇ ಕೆಮ್ಮಣ್ಣಿನ ಎಳೆಯೊಂದು ಒಳಗೆ ಹೊಕ್ಕಿತ್ತು.

ಈ ಫಿಲ್ಮ್ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದೆ ಎಂದು ಹಾಕಿಸುವಾಗ ಕೇಳಿದ್ದೆ. ಮಾತು ನಿಜ, ಆದರೆ ಅರ್ಧ ನಿಜ. ಶಾಖ ತಗುಲಿದರೆ ಮೇಲಿನ ಪದರದ ಸಣ್ಣ ಗೀರುಗಳು ಮಾಯುತ್ತವೆ. ಬೇರೆ ಊರಿನಲ್ಲಾದರೆ ಕಾರನ್ನು ಬಿಸಿಲಿಗೆ ನಿಲ್ಲಿಸಿದರೆ ಸಾಕು. ಕೊಡಗಿನ ಜುಲೈಯಲ್ಲಿ ಬಿಸಿಲು ಎಲ್ಲಿಂದ ತರುವುದು? ಬಚ್ಚಲ ಹಂಡೆಯಲ್ಲಿ ಕಾಫಿ ಗಿಡದ ಸೌದೆಯಿಂದ ಕಾಯಿಸಿದ ನೀರಿತ್ತು. ಕೈ ಸಹಿಸುವಷ್ಟು ಬಿಸಿಯ ನೀರನ್ನು ಚೆಂಬಿನಲ್ಲಿ ತಂದು ಸುರಿಯುತ್ತಾ ಹೋದೆ. ನಾಲ್ಕನೆಯ ಚೆಂಬಿಗೆ ಉಜ್ಜು ಗುರುತು ತಿಳಿಯಾಯಿತು. ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಸೀಳು ಮಾತ್ರ ಹಾಗೆಯೇ ಉಳಿಯಿತು. ಗೀರು ಬೇರೆ, ಸೀಳು ಬೇರೆ. ತುಂಡಾದ ಹಾಳೆಯನ್ನು ಯಾವ ಬಿಸಿಯೂ ಕೂಡಿಸುವುದಿಲ್ಲ.

ಪಕ್ಕದ ತೋಟದ ಹಿರಿಯರು ಬೇಲಿಯಾಚೆಯಿಂದ, "ಪ್ಲಾಸ್ಟಿಕ್ ತಾನೆ ಮಾರಾಯ, ಕಿತ್ತು ಬಿಸಾಡು" ಎಂದರು. ನನ್ನ ಉಗುರೂ ಅದನ್ನೇ ಬಯಸುತ್ತಿತ್ತು. ಪುಣ್ಯಕ್ಕೆ ಮೈಸೂರಿನಲ್ಲಿ ಫಿಲ್ಮ್ ಹಾಕಿದ ಹುಡುಗನಿಗೆ ಮೊದಲು ಫೋನ್ ಮಾಡಿದೆ.

"ಬೆರಳು ಹಾಕಬೇಡಿ ಸರ್. ತಣ್ಣಗಿರುವಾಗ ಎಳೆದರೆ ಅಂಟು ಬಣ್ಣದ ಮೇಲೇ ಉಳಿಯುತ್ತದೆ. ಸೀಳು ಇನ್ನಷ್ಟು ಹರಿದು ಹೋಗುತ್ತದೆ" ಎಂದ. ಪಂಪಿನ ನೀರು ಹೊಡೆಸಬಾರದು, ಅದು ಎದ್ದ ಅಂಚಿನಡಿಗೆ ನುಗ್ಗುತ್ತದೆ ಎಂದೂ ಹೇಳಿದ. ಒದ್ದೆ ಬಟ್ಟೆಯಿಂದ ಮಣ್ಣನ್ನು ಮೆಲ್ಲಗೆ ಒತ್ತಿ ತೆಗೆದು, ಒಣಗಿಸಿ, ಸೀಳಿನ ಮೇಲೆ ಅಗಲದ ಪಾರದರ್ಶಕ ಟೇಪ್ ಅಂಟಿಸಿದೆ. ರಾತ್ರಿ ಮತ್ತೆ ಮಳೆ ಹಿಡಿಯಿತು. ಹೆಂಚಿನ ಮೇಲೆ ಸದ್ದಾದಾಗಲೆಲ್ಲ ಆ ಟೇಪಿನ ನೆನಪು.

ಭಾನುವಾರ ಮೈಸೂರಿಗೆ ಹೋದೆ. ಸೀಳಿದಷ್ಟು ಜಾಗಕ್ಕೆ ಚಿಕ್ಕ ತೇಪೆ ಹಾಕಬಹುದಿತ್ತು, ಖರ್ಚೂ ಕಡಿಮೆ. ಆದರೆ ತೇಪೆಯ ಸುತ್ತ ಹೊಸ ಅಂಚು ಹುಟ್ಟುತ್ತದೆ, ನಮ್ಮ ಕೆಮ್ಮಣ್ಣು ಅದರ ಸುತ್ತ ಬಳೆಯ ಹಾಗೆ ಕೂರುತ್ತದೆ. ಬಾನೆಟ್ಟಿನ ಪೂರ್ತಿ ಹಾಳೆ ಬದಲಿಸಲು ಹೇಳಿದೆ. 11,000 ರೂಪಾಯಿ. ವಾರಂಟಿ ಇತ್ತು, ಆದರೆ ಅದು ಹಳದಿ ತಿರುಗಿದರೆ, ಗುಳ್ಳೆ ಎದ್ದರೆ, ತಾನಾಗಿ ಬಿರುಕು ಬಿಟ್ಟರೆ ಮಾತ್ರ. ಕಲ್ಲೇಟು ಅದರಲ್ಲಿ ಸೇರುವುದಿಲ್ಲ.

ಹುಡುಗ ಹೀಟ್ ಗನ್ನಿನಿಂದ ಒಂದು ಮೂಲೆ ಬಿಸಿ ಮಾಡಿ, ಫಿಲ್ಮನ್ನು ಮೇಲಕ್ಕೆ ಎತ್ತದೆ ಬಾನೆಟ್ಟಿಗೆ ತಾಗಿದಂತೆಯೇ ಹಿಂದಕ್ಕೆ ಮಡಚಿ ಎಳೆಯುತ್ತಾ ಬಂದ. ಕಲಿತ ಕೈ. ಬಾಳೆದಿಂಡಿನ ಪದರ ಬಿಡಿಸಿದ ಹಾಗೆ ಬಂತು. ಉಜ್ಜು ಗುರುತಿದ್ದಲ್ಲಿ ಬಣ್ಣ ಹೊಸದರಂತೆ ಹೊಳೆಯುತ್ತಿತ್ತು. ಸೀಳಿನಡಿಯಲ್ಲಿ ಸಾಸಿವೆ ಕಾಳಿನಷ್ಟು ಬೂದು ಚುಕ್ಕೆ. ಬೂದು ಎಂದರೆ ಬಣ್ಣದಡಿಯ ಪ್ರೈಮರ್ ಪದರ, ತಗಡು ಕಂಡಿರಲಿಲ್ಲ. ನಾನು ಬಗ್ಗಿ ಆ ಚುಕ್ಕೆಯನ್ನು ಬಹಳ ಹೊತ್ತು ನೋಡಿದೆ. ಅಷ್ಟು ವೇಗದ ಕಲ್ಲನ್ನು ಆ ತೆಳು ಹಾಳೆ ಅಲ್ಲಿಗೆ ತಡೆದಿತ್ತು. ಕೊಟ್ಟ ಹಣದ ಬಗ್ಗೆ ಆ ಕ್ಷಣದ ನಂತರ ನನಗೆ ಬೇಸರವಿಲ್ಲ.

ಕಾರಿನ ಬಣ್ಣದ ಸಂಕೇತ ನೋಡಿ ಹೊಂದುವ ಟಚಪ್ ಪೇಂಟನ್ನು ಕಡ್ಡಿಯ ತುದಿಯಿಂದ ಇಟ್ಟ. ಅದೇ ದಿನ ಫಿಲ್ಮ್ ಹಾಕಲಿಲ್ಲ. ಹಸಿ ಬಣ್ಣದ ಥಿನ್ನರ್ ಆರಿ ಹೋಗದೆ ಮುಚ್ಚಿದರೆ ಒಳಗೆ ಸಿಕ್ಕಿ ಕೆಡುತ್ತದಂತೆ. ಮತ್ತೊಂದು ವಾರ ಕಾದು, ಮತ್ತೆ ಹುಣಸೂರು, ಪಿರಿಯಾಪಟ್ಟಣ ದಾಟಿ ಹೋಗಿ ಹಾಕಿಸಿಕೊಂಡು ಬಂದೆ.

ಟಿಪ್ಪರ್ ಓಡಿಸುವವರ ಮೇಲೆ ನನಗೆ ದ್ವೇಷವಿಲ್ಲ. ನಮ್ಮ ರಸ್ತೆಗಳ ಗುಂಡಿಗೆ ಬೀಳುವುದೂ ಅದೇ ಜಲ್ಲಿ. ಆದರೆ ಒಂದು ಟಾರ್ಪಾಲು ಕಟ್ಟಿ, ಹಿಂಬಾಗಿಲ ಕೊಕ್ಕೆಯನ್ನು ಬಿಗಿಯಾಗಿ ಹಾಕಲು ಐದು ನಿಮಿಷ ಸಾಕು. ನನ್ನ ಕಾರಿಗಾದರೆ ಹೊದಿಕೆಯಿತ್ತು. ಅದೇ ತಿರುವಿನಲ್ಲಿ ಹಿಂದಿನಿಂದ ಬರುತ್ತಿದ್ದದ್ದು ಬೈಕಾಗಿದ್ದರೆ ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಜಲ್ಲಿ ಗಾಡಿ ಕಂಡರೆ ಈಗ ನೂರು ಅಡಿ ಹಿಂದೆಯೇ ಉಳಿಯುತ್ತೇನೆ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಹೊಸ ಫಿಲ್ಮಿನಡಿಯಲ್ಲಿ ಮೂರು ನೀರ್ಗುಳ್ಳೆಗಳಿದ್ದವು. ಅವು ತಾವೇ ಆರುತ್ತವೆ, ಸೂಜಿ ಚುಚ್ಚಬೇಡಿ, ಒಂದು ವಾರ ತೊಳೆಯಬೇಡಿ ಎಂದಿದ್ದ ಹುಡುಗ. ನಮ್ಮ ತೇವದಲ್ಲಿ ಆರುವುದು ನಿಧಾನ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಶೆಡ್ಡಿಗೆ ಹೋಗಿ ನೋಡುತ್ತಿದ್ದೆ. ಎರಡು ಬೇಗ ಹೋದವು. ಮೂರನೆಯದು ಹನ್ನೆರಡನೆಯ ದಿನ ಬೆಳಿಗ್ಗೆ ಇರಲಿಲ್ಲ. ಒಳಗೆ ಬಂದು ಹೆಂಡತಿಗೆ ಹೇಳಿದೆ. "ನಾನು ನಿನ್ನೆ ಸಂಜೆಯೇ ನೋಡಿದೆ ಕಣ್ರೀ" ಎಂದಳು.