ಒಂದೇ ಒಂದು ಎಲೆ

ಸೋಮವಾರದಿಂದ ಹಿತ್ತಲ ಬಾಗ್ಲು ತೆಗೆಯೋಕೇ ಮನಸ್ಸಾಗ್ತಿಲ್ಲ. ಬದನೆ ಗಿಡ ಅಲ್ಲೇ ಇದೆ, ಹೊಲಿದ ಎಲೆನೂ ಹಾಗೇ ಇದೆ, ಒಳಗಿನ ಹತ್ತಿ ಕೂಡ ಚೂರೂ ಕದಲಿಲ್ಲ, ಮರಿಗಳು ಮಾತ್ರ ಇಲ್ಲ. ಮೂರಿದ್ವು.

ಗೂಡನ್ನ ಮೊದಲು ನೋಡಿದ್ದು ಅಮ್ಮ. ಕಾಯಿ ಕೀಳೋಕೆ ಹೋದೋರು ಅಲ್ಲಿಂದಾನೇ ಕೂಗಿದ್ರು, "ಇಲ್ನೋಡೇ, ಯಾರೋ ಎಲೆಗೆ ಹೊಲಿಗೆ ಹಾಕಿದಾರೆ" ಅಂತ. ಹೋಗಿ ನೋಡಿದ್ರೆ ನಿಜವಾಗ್ಲೂ ಹೊಲಿಗೆನೇ. ಟುವ್ವಿ ಹಕ್ಕಿ ಗೂಡು. ಪುಸ್ತಕದಲ್ಲಿ ಚಿತ್ರ ನೋಡಿದ್ದೆ, ಆದ್ರೆ ಒಂದು ಗೇಣು ದೂರದಿಂದ ನೋಡೋದೇ ಬೇರೆ. ಅಗಲವಾದ ಎಲೆಯ ಎರಡು ಅಂಚು ಹತ್ರ ತಂದು, ಕೊಕ್ಕಲ್ಲಿ ಸಣ್ಣ ಸಣ್ಣ ತೂತು ಮಾಡಿ, ಅದ್ರಲ್ಲಿ ಹತ್ತಿ ಎಳೆ, ಜೇಡರ ಬಲೆ ಎಳೆ ತೂರಿಸಿರುತ್ತೆ. ಗಂಟು ಹಾಕಲ್ಲ, ಹೊರಗಡೆ ಎಳೆ ತುದಿ ಉಬ್ಬಿ ಪುಟ್ಟ ಉಂಡೆ ತರ ನಿಂತಿರುತ್ತೆ, ಅದೇ ಜಾರದಂಗೆ ಹಿಡ್ಕೊಳ್ಳುತ್ತೆ. ಒಂದು ಕಡೆ ನಾನು ಎಣಿಸಿದ್ದು 11 ಹೊಲಿಗೆ. ತೂತು ಎಷ್ಟು ಸಣ್ಣದು ಅಂದ್ರೆ ಎಲೆ ಒಣಗೋದೂ ಇಲ್ಲ, ಗಿಡದಲ್ಲೇ ಹಸಿರಾಗಿ ಬದುಕಿರುತ್ತೆ, ಅದಕ್ಕೇ ಪಕ್ಕದ ಎಲೆಗಳ ಮಧ್ಯೆ ಗೊತ್ತೇ ಆಗಲ್ಲ. ಇಷ್ಟನ್ನೂ ಮಾಡಿದ್ದು 10 ಗ್ರಾಂ ಕೂಡ ತೂಗದ ಒಂದು ಹಕ್ಕಿ.

ಅವತ್ತಿಂದ ಆ ಗಿಡದ ಕಾಯಿ ಕೀಳೋದು ನಿಲ್ಸಿದ್ವಿ. ನಾನು ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ 15 ನಿಮಿಷ ಕೂರ್ತಿದ್ದೆ. ಈ 15 ನಿಮಿಷದ ಅಭ್ಯಾಸ ಬಂದಿದ್ದು ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಿಂದ, 1998ರಿಂದ ಪ್ರತಿ ಫೆಬ್ರವರಿ ನಡೆಯೋದು, ಕನಿಷ್ಠ 15 ನಿಮಿಷ ಕೂತು ಕಂಡ ಹಕ್ಕಿಗಳನ್ನ ಎಣಿಸಿ ಹಾಕ್ಬೇಕು. ಅದನ್ನ ನನಗೆ ಪರಿಚಯ ಮಾಡ್ಸಿದ್ದು ಸರ್. ಹೆಸರು ಬೇಡ. ಪಿಕಳಾರದ ಎರಡು ಜಾತಿ ಬೇರೆ ಮಾಡೋಕೂ ಬರದೇ ಇದ್ದ ನನಗೆ ದನಿ ಕೇಳೋದು ಕಲಿಸಿದೋರು ಅವರೇ. "ಮೊದ್ಲು ಕಿವಿ, ಆಮೇಲೆ ಕಣ್ಣು, ಕೊನೇಗೆ ಬೈನಾಕುಲರ್" ಅಂತಿದ್ರು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಅವರು ಕೆಟ್ಟೋರಲ್ಲ, ಹಕ್ಕಿ ಅಂದ್ರೆ ಪ್ರಾಣ ಬಿಡೋ ಮನುಷ್ಯ, ಅದೇ ನನಗೆ ಈ ವಾರ ಪೂರ್ತಿ ಅರಗಿಸ್ಕೊಳ್ಳೋಕೆ ಆಗ್ತಾ ಇಲ್ಲದ ವಿಷಯ.

ಮೊಟ್ಟೆ ಒಡೆದು ಮರಿ ಹೊರಗೆ ಬಂದ ಮೇಲೆ ಅಪ್ಪ ಅಮ್ಮ ಎರಡೂ ಹುಳ ತರೋದು. ಆದ್ರೆ ಒಂದು ಸಲಾನೂ ನೇರ ಗೂಡಿಗೆ ಬರ್ತಿರ್ಲಿಲ್ಲ. ಕೊಕ್ಕಲ್ಲಿ ಹಸಿರು ಹುಳ ನೇತಾಡ್ತಿರೋದು, ಮೊದ್ಲು ಬೇಲಿ ಮೇಲೆ ಕೂತು ಬಾಲ ಎತ್ತಿ ಆ ಕಡೆ ಈ ಕಡೆ ನೋಡೋದು, ಆಮೇಲೆ ಗಿಡದ ಬುಡಕ್ಕೆ ಇಳಿಯೋದು, ಅಲ್ಲಿಂದ ಕಾಂಡ ಹಿಡ್ಕೊಂಡು ಕುಪ್ಪಳಿಸ್ತಾ ಮೇಲೆ ಹೋಗಿ ಒಂದು ಕ್ಷಣದಲ್ಲಿ ಉಣಿಸಿ ಮುಗಿಸೋದು. ವಾಪಸ್ ಹೋಗುವಾಗ ಕೊಕ್ಕಲ್ಲಿ ಬಿಳೀ ಗುಳಿಗೆ ತರದ್ದು ಏನೋ ಇರೋದು. ಅದು ಮರಿಗಳ ಹಿಕ್ಕೆ. ತೆಳುವಾದ ಪೊರೆಯೊಳಗೆ ಬರುತ್ತೆ, ದೂರ ತಗೊಂಡು ಹೋಗಿ ಬಿಸಾಕಿ ಬರ್ತವೆ, ಗೂಡು ಚೊಕ್ಕಟವಾಗಿರುತ್ತೆ, ಕೆಳಗೆ ಬಿಳಿ ಕಲೆ ಬಿದ್ದು ಗುಟ್ಟು ರಟ್ಟಾಗೋದೂ ಇಲ್ಲ. ಗೂಡಿನ ಬಾಯಿ ಮೇಲೆ ಇನ್ನೊಂದು ದೊಡ್ಡ ಎಲೆ ಛತ್ರಿ ತರ ಬಾಗಿತ್ತು. ಮೇಲಿಂದ ನೋಡಿದ್ರೆ ಬರೀ ಬದನೆ ಗಿಡ, ಅಷ್ಟೇ.

ಭಾನುವಾರ ಸರ್ ಬಂದ್ರು. ಕರೆದಿದ್ದು ನಾನೇ. ಖುಷಿ ತಡೆಯೋಕಾಗ್ದೆ ಹೇಳಿಬಿಟ್ಟಿದ್ದೆ. ದೊಡ್ಡ ಲೆನ್ಸ್ ಹಾಕಿ ಎರಡು ಮೂರು ಕಡೆಯಿಂದ ನೋಡಿದ್ರು, "ಲೈಟೇ ಬರ್ತಿಲ್ವಲ್ಲ" ಅಂದ್ರು. ಆಮೇಲೆ ಹಗ್ಗದಲ್ಲಿದ್ದ ಬಟ್ಟೆ ಕ್ಲಿಪ್ ತಗೊಂಡು, ಛತ್ರಿಯಾಗಿದ್ದ ಆ ಎಲೆನ ಹಿಂದಕ್ಕೆ ಎಳೆದು ಕೊಂಬೆಗೆ ಸಿಕ್ಸಿದ್ರು. ಬಾಗಿಲಲ್ಲಿ ನಿಂತಿದ್ದ ಅಮ್ಮ, "ಅಯ್ಯೋ, ಆ ಎಲೆ ಮುಟ್ಬೇಡಿ ಸ್ವಾಮಿ, ಅದು ಅದ್ರ ಮನೆ ಸೂರು" ಅಂದ್ರು.

"ಒಂದೇ ಒಂದು ಎಲೆ ಅಲ್ವಾಮ್ಮ, ಐದು ನಿಮಿಷ" ಅಂದ್ರು ಸರ್.

ನಾನು ಅಮ್ಮನ ಕಡೆ ತಿರುಗಿ, "ಸುಮ್ನಿರಮ್ಮ, ಸರ್‌ಗೆ ಗೊತ್ತಿರುತ್ತೆ" ಅಂದೆ.

ಈ ಮಾತೇ ನಂಗೆ ನಿದ್ದೆ ಕೆಡಿಸಿರೋದು. ಸರ್ ಹೇಳಿದ್ದಲ್ಲ, ನಾನು ಹೇಳಿದ್ದು. ಸರ್‌ಗೆ ಗೊತ್ತಿರುತ್ತೆ. ಅಮ್ಮನಿಗೆ ಆ ಹಕ್ಕಿ ಹೆಸರೂ ಗೊತ್ತಿರ್ಲಿಲ್ಲ, ಆದ್ರೆ ಅದು ಸೂರು ಅನ್ನೋದು ಗೊತ್ತಿತ್ತು.

ಐದು ನಿಮಿಷ ಅಂದಿದ್ದು ಮುಕ್ಕಾಲು ಗಂಟೆ ಆಯ್ತು. ಬೇಲಿ ಮೇಲೆ ಟುವ್ವಿ ಬಾಯ್ತುಂಬ ಹುಳ ಇಟ್ಕೊಂಡು ಒಂದೇ ಸಮ ಕೂಗ್ತಿತ್ತು, ಇಳೀತಾ ಇರ್ಲಿಲ್ಲ. ಗೂಡಲ್ಲಿ ಮೂರು ಹಳದಿ ಬಾಯಿ ತೆರ್ಕೊಂಡು ಕಾಯ್ತಿದ್ವು, ಬಿಸಿಲು ನೇರ ಅವುಗಳ ಬೋಳು ಬೆನ್ನಿಗೆ ಬೀಳ್ತಿತ್ತು. ಕರೆಂಟ್ ತಂತಿ ಮೇಲೆ ಒಂದು ಕಾಗೆ ಬಂದು ಕೂತು ಕತ್ತು ಓರೆ ಮಾಡಿ ನಮ್ಮನ್ನೇ ನೋಡ್ತಿತ್ತು, ಅದನ್ನ ನಾನು ನೋಡ್ದೆ, ನೋಡಿನೂ ಸುಮ್ನಿದ್ದೆ. ಕಾಗೆ ವಿಷಯ ಗೊತ್ತಿಲ್ದೇ ಇರೋಳಲ್ಲ ನಾನು. 2006ರಲ್ಲಿ ಸಿಯಾಟಲ್‌ನಲ್ಲಿ ವಿಜ್ಞಾನಿಗಳು ಮುಖವಾಡ ಹಾಕ್ಕೊಂಡು ಕಾಗೆ ಹಿಡಿದು ಬಿಟ್ಟಿದ್ರು, ಆಮೇಲೆ ವರ್ಷಗಳವರೆಗೂ ಆ ಮುಖವಾಡ ಕಂಡ್ರೆ ಕಾಗೆಗಳು ಮುತ್ಕೊಂಡು ಕಿರಿಚ್ತಿದ್ವು. ಮನುಷ್ಯರ ಮುಖ ಅಷ್ಟು ನೆನಪಿಟ್ಕೊಳ್ಳೋ ಹಕ್ಕಿ, ಇಬ್ಬರು ಮನುಷ್ಯರು ಮುಕ್ಕಾಲು ಗಂಟೆ ಒಂದೇ ಗಿಡದ ಮುಂದೆ ಬಗ್ಗಿ ನಿಂತ್ರೆ ಅಲ್ಲೇನೋ ಇದೆ ಅಂತ ತಿಳ್ಕೊಳ್ದೇ ಇರುತ್ತಾ?

ಹೋಗ್ತಾ ಸರ್ ಕ್ಲಿಪ್ ತೆಗೆದ್ರು. ಆದ್ರೆ ಎಳೆದಾಗಲೇ ಎಲೆ ತೊಟ್ಟು ಲಟಕ್ ಅಂದಿತ್ತು. ಸಂಜೆ ಹೊತ್ಗೆ ಆ ಎಲೆ ಬಾಡಿ ಜೋತು ಬಿದ್ದಿತ್ತು, ಗೂಡಿನ ಬಾಯಿ ಆಕಾಶಕ್ಕೆ ತೆರ್ಕೊಂಡಿತ್ತು. ಬೇರೆ ಎಲೆ ತಂದು ದಾರದಲ್ಲಿ ಕಟ್ಟೋಣ ಅಂದ್ಕೊಂಡೆ, ಮತ್ತೆ ಹತ್ರ ಹೋದ್ರೆ ಇನ್ನೂ ಗಾಬರಿ ಆಗುತ್ತೇನೋ ಅಂತ ಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಖಾಲಿ. ಕಾಗೆನೋ ಕೆಂಬೂತನೋ, ನಾನು ಕಣ್ಣಾರೆ ನೋಡಿಲ್ಲ. ಅದ್ರ ಮೇಲೆ ಸಿಟ್ಟೂ ಇಲ್ಲ, ಅದಕ್ಕೂ ಎಲ್ಲೋ ಮರಿ ಇರುತ್ತೆ. ಅಮ್ಮ ಟುವ್ವಿ ಮಾತ್ರ ಬಂತು, ಯಾವತ್ತಿನ ಹಾಗೆ ಮೊದ್ಲು ಬೇಲಿ, ಆಮೇಲೆ ಬುಡ, ಆಮೇಲೆ ಮೇಲಕ್ಕೆ. ಗೂಡಿನ ಅಂಚಲ್ಲಿ ಕೂತು ಒಳಗೆ ಕತ್ತು ಹಾಕ್ತು, ಹೊರಗೆ ತೆಗೀತು, ಮತ್ತೆ ಹಾಕ್ತು. ಕೊಕ್ಕಲ್ಲಿ ಹುಳ ಹಾಗೇ ಇತ್ತು. ನಾಲ್ಕು ಸಲ ಹಾಗೆ ಬಂದು ಹೋಯ್ತು, ಐದನೇ ಸಲ ಹುಳ ಇರ್ಲಿಲ್ಲ.

ಫೋನ್ ಮಾಡಿ ಹೇಳ್ದೆ. ಸರ್ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ "ನೇಚರ್ ಅಲ್ವಾ, ಗೂಡುಗಳಲ್ಲಿ ತುಂಬಾ ಹೀಗೇ ಹೋಗ್ತವೆ" ಅಂದ್ರು. ಸುಳ್ಳಲ್ಲ, ಸಣ್ಣ ಹಕ್ಕಿಗಳ ಎಷ್ಟೋ ಗೂಡು ಮರಿ ಹಾರೋಕೆ ಮುಂಚೆನೇ ಹಾಳಾಗ್ತವೆ. ಆದ್ರೆ ಆ ಹಕ್ಕಿಗೆ ಇದ್ದ ಅದೃಷ್ಟನ ಇನ್ನಷ್ಟು ಕಮ್ಮಿ ಮಾಡಿದ್ದು ನೇಚರ್ ಅಲ್ಲ ತಾನೇ. ಆ ಹೊತ್ಗಾಗ್ಲೇ ಮೂರು ಹಳದಿ ಬಾಯಿ ಫೋಟೋ ಗ್ರೂಪಲ್ಲಿ ಬಂದಿತ್ತು, ಎಲ್ರೂ ಹಾರ್ಟ್ ಹಾಕಿದ್ರು. ತುಂಬಾ ಚೆನ್ನಾಗಿತ್ತು ಫೋಟೋ, ಅದನ್ನೂ ಹೇಳ್ಬೇಕು.

ಆಮೇಲೆ ಯೋಚನೆ ಎಲ್ಲೆಲ್ಲೋ ಹೋಯ್ತು. ಕೆರೆ ಹತ್ರ, ಕಾಡಲ್ಲಿ ನಾವು ಗುಂಪಾಗಿ ಹೋದಾಗ ಮೊಬೈಲಲ್ಲಿ ಹಕ್ಕಿ ದನಿ ಹಾಕಿ ಕರೆಸ್ತೀವಲ್ಲ, ಆ ಗಂಡುಹಕ್ಕಿಗೆ ಅದು ಹಾಡಲ್ಲ, ಅದ್ರ ಜಾಗಕ್ಕೆ ಬೇರೆ ಗಂಡು ನುಗ್ಗಿದೆ ಅಂತ. ಮೇಯೋದು ಬಿಟ್ಟು ಇಲ್ಲದ ಶತ್ರುನ ಹುಡುಕ್ತಾ ಪೊದೆಯಿಂದ ಪೊದೆಗೆ ಹಾರುತ್ತೆ, ನಾವು "ಎಷ್ಟ್ ಹತ್ರ ಬಂತು ನೋಡು" ಅಂತ ಸಂಭ್ರಮ ಪಡ್ತೀವಿ. ಹಗಲು ಮಲಗಿರೋ ಗೂಬೆ ಕಣ್ಣು ಬಿಡ್ಲಿ ಅಂತ ಕೊಂಬೆಗೆ ಕಡ್ಡಿ ಬಡಿದೋರನ್ನೂ ನೋಡಿದೀನಿ. ಅಮೆರಿಕನ್ ಬರ್ಡಿಂಗ್ ಅಸೋಸಿಯೇಷನ್‌ನ ನೀತಿಸಂಹಿತೆಯಲ್ಲಿ ಗೂಡಿನ ಹತ್ರ ವಿಶೇಷ ಎಚ್ಚರ ಇರ್ಲಿ ಅಂತಾನೇ ಇದೆ, ಕಂಡ ಹಕ್ಕಿಗಳನ್ನ ಎಲ್ರೂ ದಾಖಲಿಸೋ ಇಬರ್ಡ್ ವೆಬ್‌ಸೈಟ್‌ನಲ್ಲಿ ಅಪಾಯದಲ್ಲಿರೋ ಎಷ್ಟೋ ಹಕ್ಕಿಗಳು ಕಂಡ ನಿಖರವಾದ ಜಾಗ ಜನರಿಗೆ ತೋರ್ಸೋದೇ ಇಲ್ಲ. ಇದೆಲ್ಲ ಸರ್‌ಗೂ ಗೊತ್ತು, ನಂಗೂ ಗೊತ್ತು, ನಂಗೆ ಹೇಳಿಕೊಟ್ಟಿದ್ದೇ ಅವರು. ಗೊತ್ತಿದ್ದೂ ಕೈ ಯಾಕೆ ಆ ಎಲೆ ಹತ್ರ ಹೋಯ್ತು, ನನ್ ಬಾಯಿ ಯಾಕೆ ಅಮ್ಮನ್ನ ಸುಮ್ನಿರ್ಸ್ತು? ಮೆಟ್ಟಿಲ ಮೇಲೆ ಕೂತು ಅಷ್ಟು ದಿನ ಹಕ್ಕಿ ತೋರ್ಸಿದ್ದಷ್ಟನ್ನೇ ನೋಡ್ತಿದ್ನಲ್ಲ, ಅದ್ರಲ್ಲಿ ಏನ್ ಕಮ್ಮಿ ಇತ್ತು ನಂಗೆ?

ಅಮ್ಮ ಇಲ್ಲೀವರೆಗೂ ಒಂದು ಮಾತು ಅಂದಿಲ್ಲ. ಮಂಗಳವಾರ ಆ ಬಾಡಿದ ಎಲೆನ ಕತ್ತರಿಸಿ ತೆಗೆದ್ರು. ಅವತ್ತು ಹಾಗ್ ಹೇಳ್ಬಾರ್ದಿತ್ತು ಅಂತ ನಾನೇ ಅಂದಾಗ "ನೀನೇನ್ ಮಾಡ್ತೀಯಾ, ದೊಡ್ಡೋರು" ಅಂದ್ರು, ಅದು ಇನ್ನೂ ಚುಚ್ಚಿತು.

ಇವತ್ತು ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ನೋಡ್ದೆ, ಟುವ್ವಿ ಹಳೇ ಗೂಡಿಂದ ಹತ್ತಿ ಎಳ್ಕೊಳ್ತಿತ್ತು. ಒಂದು ಎಳೆ ಎಳೆಯೋದು, ಗೋಡೆ ಆ ಕಡೆ ಹೋಗೋದು, ಮತ್ತೆ ಬರೋದು. ನಾನು ಕಿಟಕಿಯಿಂದಾಚೆ ಕತ್ತು ಹಾಕ್ಲಿಲ್ಲ. ಮಧ್ಯಾಹ್ನ ಸರ್ ಮೆಸೇಜ್ ಬಂತು, "ಮತ್ತೆ ಗೂಡು ಕಟ್ತಿದ್ಯಾ? ಹಕ್ಕಿ ಎಲ್ಲಾದ್ರೂ ಕಾಣಿಸ್ತಾ?" ಅಂತ.

ಬರೆದು, ಅಳಿಸಿ, ಮತ್ತೆ ಬರೆದು ಕಳಿಸ್ದೆ: "ಕಟ್ತಿದೆ ಸರ್. ಎಲ್ಲಿ ಅಂತ ನಾನು ಹೇಳಲ್ಲ."

ಎರಡು ನೀಲಿ ಗೆರೆ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.