ರಟ್ಟಿನಲ್ಲಿ ಬರ್ಲಿನ್‌ನ ನೀಲಿ ಚರ್ಚ್: ಆರನೇ ವಾರ

ಕಳೆದ ವಾರ ಕಟ್ಟಿದ್ದ ಗೋಡೆಯನ್ನು ಪೂರ್ತಿ ಕಿತ್ತು ಹಾಕಿದೆ. ಒಂದೇ ಪದರದ ಗೋಡೆ ಮಾಡಿ, ಒಳಗೆ ಬಲ್ಬು ಇಟ್ಟಿದ್ದೆ. ಹೊತ್ತಿಸಿದರೆ ದೀಪಾವಳಿಯ ಗೂಡುದೀಪದ ಹಾಗೆ ಕಾಣುತ್ತಿತ್ತು. ಚಂದವೇನೋ ಹೌದು. ಆದರೆ ಕೈಸರ್ ವಿಲ್ಹೆಲ್ಮ್ ಸ್ಮಾರಕ ಚರ್ಚ್ ಹಾಗಲ್ಲ. ಅಲ್ಲಿ ಗೋಡೆಯೇ ದೀಪ.

ವಾಸ್ತುಶಿಲ್ಪಿ ಎಗಾನ್ ಐಯರ್ಮನ್ ಈ ಎಂಟು ಮೂಲೆಯ ಪ್ರಾಟೆಸ್ಟೆಂಟ್ ಚರ್ಚಿಗೆ ಒಂದರೊಳಗೊಂದು ಎರಡು ಗೋಡೆ ಕಟ್ಟಿಸಿದರು. ನಡುವೆ ಸುಮಾರು ಎರಡೂವರೆ ಮೀಟರ್ ಸಂದಿ. ದೀಪಗಳಿರುವುದು ಆ ಸಂದಿಯಲ್ಲಿ. ಕತ್ತಲಾದ ಮೇಲೂ ಒಳಗೆ ಕೂತವರಿಗೆ ನೀಲಿ ಬೆಳಕು, ರಸ್ತೆಯಲ್ಲಿ ಹೋಗುವವರಿಗೂ ನೀಲಿ ಬೆಳಕು. ಹೊರಗಿನ ಟ್ರಾಫಿಕ್ ಸದ್ದನ್ನೂ ಅದೇ ಸಂದಿ ತಡೆಯುತ್ತದೆ. ಎಷ್ಟು ಸರಳ, ಅಲ್ವಾ?

ನನ್ನದು 1:100 ಅಳತೆ. 35 ಮೀಟರ್ ಅಗಲದ ಚರ್ಚ್ ಇಲ್ಲಿ 35 ಸೆಂಟಿಮೀಟರ್. ಸಂದಿ ಎರಡೂವರೆ ಸೆಂಟಿಮೀಟರ್. ಎಲ್‌ಇಡಿ ಪಟ್ಟಿ ಸರಿಯಾಗಿ ಕೂತಿತು, ಆದರೆ ಒಂದೊಂದು ಬಲ್ಬೂ ಚುಕ್ಕಿಯಾಗಿ ಕಾಣುತ್ತಿತ್ತು. ಎರಡೂ ಗೋಡೆಗಳ ಸಂದಿ ಕಡೆಯ ಮೈಗೆ ಬಟರ್ ಪೇಪರ್ ಅಂಟಿಸಿದೆ. ಈಗ ಬೆಳಕು ಹರಡಿಕೊಂಡಿದೆ.

ಗಾಜಿನ ಕೆಲಸ ಫ್ರಾನ್ಸಿನ ಶಾರ್ತ್ರ್ ಊರಿನ ಗೇಬ್ರಿಯಲ್ ಲೋಆರ್ ಅವರದು. ಕಾಂಕ್ರೀಟ್ ಚೌಕಗಳಲ್ಲಿ 20,000ಕ್ಕೂ ಜಾಸ್ತಿ ಗಾಜುಗಳಿವೆ. ಬಹುಪಾಲು ನೀಲಿ, ಅಲ್ಲಲ್ಲಿ ಚೂರು ಕೆಂಪು, ಹಸಿರು, ಹಳದಿ. ನಾನು ಗಾಳಿಪಟದ ಕಾಗದ ಬಳಸಿದೆ. ಮೊದಲ ಫಲಕದಲ್ಲಿ ಕೆಂಪು ಜಾಸ್ತಿಯಾಗಿ ನೀಲಿಯ ಶಾಂತಿಯೇ ಹೋಯಿತು. ಅರ್ಧಕ್ಕರ್ಧ ತೆಗೆದೆ.

ಇನ್ನು ಉಳಿದಿರುವುದು ಹಳೇ ಗೋಪುರ. 1895ರ ಚರ್ಚ್ 1943ರ ನವೆಂಬರ್‌ನಲ್ಲಿ ಬಾಂಬ್ ದಾಳಿಗೆ ಸಿಕ್ಕಿ ಹಾಳಾಯಿತು. ಅದರ ಅವಶೇಷವನ್ನು ಪೂರ್ತಿ ಕೆಡವಬೇಕು ಎಂಬುದೇ ಐಯರ್ಮನ್ ಅವರ ಮೊದಲ ಯೋಜನೆ. ಬರ್ಲಿನ್ ಜನ ಬಿಡಲಿಲ್ಲ. ಮುರಿದ ಗೋಪುರ ಉಳಿಯಿತು. ಅದರ ಒಂದು ಪಕ್ಕದಲ್ಲಿ ಹೊಸ ಚರ್ಚ್, ಇನ್ನೊಂದು ಪಕ್ಕದಲ್ಲಿ ಆರು ಮೂಲೆಯ ಗಂಟೆ ಗೋಪುರ ಬಂದವು. ಚರ್ಚ್ ಪ್ರತಿಷ್ಠೆಯಾದದ್ದು 1961ರ ಡಿಸೆಂಬರ್‌ನಲ್ಲಿ. ಊರನ್ನು ಸೀಳಿದ ಬರ್ಲಿನ್ ಗೋಡೆ ಎದ್ದು ಆಗ ನಾಲ್ಕೇ ತಿಂಗಳು. ಜನ ಹಟ ಹಿಡಿದದ್ದೇ ಸರಿ ಅನ್ನಿಸುತ್ತದೆ ನನಗೆ. ಆ ಮುರಿದ ಗೋಪುರ ಪಕ್ಕದಲ್ಲಿ ಇಲ್ಲದಿದ್ದರೆ ಈ ನೀಲಿಗೆ ಇಷ್ಟು ತೂಕ ಬರುತ್ತಿರಲಿಲ್ಲ.

ಗೋಪುರದ ತುದಿಯನ್ನು ಕತ್ತರಿಯಲ್ಲಿ ಕತ್ತರಿಸಿ ನೋಡಿದೆ. ಅಂಚು ತೀರಾ ನೀಟಾಯಿತು. ಭಾನುವಾರ ರಟ್ಟನ್ನು ಒದ್ದೆ ಮಾಡಿ, ಕೈಯಲ್ಲೇ ಹರಿದು ನೋಡುತ್ತೇನೆ.